ಅಮಲ್ದಾರನ ಪಥ್ಯ

ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆ. ಹಿಟ್ಟು ಹದವಾಗಿ ಬೆಂದಿತ್ತು, ಬಿಸಿಲೂ ಚುರುಕಾಗಿತ್ತು. ಚಮಚದಲ್ಲಿ ಒಂದೊಂದೇ ಬಿಲ್ಲೆ ಬಿಡುತ್ತ ಸೆರಗಿನ ತನಕ ಬಂದಿದ್ದೆ, ಆಗ ಒಂದು ಕಾಗೆ ಬಂತು. ಹಾರಿ ಬಂದು ಕಚ್ಚಿಕೊಂಡು ಹೋಗಿದ್ದರೆ ಕಾಗೆಯ ಕೆಲಸವೇ ಅದು ಎಂದು ಸುಮ್ಮನಾಗುತ್ತಿದ್ದೆ. ಈ ಕಾಗೆ ನಡೆದು ಬಂತು. ಬೀಗರ ಮನೆಗೆ ಬಂದವರ ಹಾಗೆ ಸೀರೆಯ ಅಂಚಿನಲ್ಲಿ ಅತ್ತಿಂದಿತ್ತ ಓಡಾಡಿ, ಯಾವುದು ದಪ್ಪಗಿದೆ ಎಂದು ನೋಡಿ, ಆರಿಸಿಕೊಂಡು ತಿಂದಿತು.

ನಮ್ಮ ಮನೆಯ ಸಂಡಿಗೆಗೆ ಕಾವಲು ಅಮಲ್ದಾರನದು. ಅಮಲ್ದಾರ ಎಂದರೆ ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಬೆಳಗಾಗುತ್ತಲೇ ಬೀದಿಯ ಪ್ರತಿ ಬಾಗಿಲಿಗೂ ಹೋಗಿ, ಇಣುಕಿ, ಯಾರ ಒಲೆ ಹೊತ್ತಿದೆ, ಯಾರಿನ್ನೂ ಎದ್ದಿಲ್ಲ ಎಂದೆಲ್ಲ ವಿಚಾರಿಸಿಕೊಂಡು ಬರುವ ಅಭ್ಯಾಸ ಅವನಿಗೆ. ಹೆಸರು ಇಟ್ಟದ್ದು ಬೀದಿಯವರೇ. ಅವನ ನೆರಳು ಕಂಡರೆ ಕಾಗೆಗಳು ಹಂಚಿನ ಮೇಲಿಂದಲೇ ಹಿಂದಕ್ಕೆ ಹೋಗುತ್ತಿದ್ದವು. ಅಂಥವನು ಅಂದು ಮಂಚದ ಪಕ್ಕದಲ್ಲೇ ಮಲಗಿದ್ದುಕೊಂಡು, ಕಾಗೆಯನ್ನು ನೋಡಿ, ಅದು ತಿನ್ನುವುದನ್ನೂ ನೋಡಿ, ಮೂತಿಯನ್ನು ಮುಂಗಾಲಿನ ಮೇಲಿಟ್ಟು ಕಣ್ಣು ಮುಚ್ಚಿದ.

“ಏನೋ, ರಜೆ ಹಾಕಿದೀಯೇನೋ?” ಎಂದೆ.

ಬಾಲ ಒಂದು ಸಲ ನೆಲಕ್ಕೆ ಬಡಿಯಿತು, ಅಷ್ಟೆ. ಕೈ ಒರೆಸಿಕೊಂಡು ಹತ್ತಿರ ಹೋಗಿ ಅವನ ರೆಪ್ಪೆ ಎತ್ತಿ ನೋಡಿದೆ. ಬೆಳ್ಳಗಿರಬೇಕಾದ ಕಡೆಯೆಲ್ಲ ಅರಿಸಿನ.

ಗೋಡೆಯಾಚೆ ಜಯಶೀಲ ಅಕ್ಕಿ ಕೇರುತ್ತಿದ್ದಳು. ಅವಳದು ಹಿಟ್ಟಿನ ಗಿರಣಿ, ಗಿರಣಿಯ ಸದ್ದಿನಲ್ಲೇ ಬೆಳೆದ ಗಂಟಲು. “ಏನ್ ಚೆನ್ನಾಜಕ್ಕಾ, ಕಾಗೇನ ಕೂರ್ಸಿ ತಿಥಿ ಊಟ ಹಾಕ್ತಿದೀರಾ?” ಎಂದು ಕೂಗಿದಳು.

“ಅಮಲ್ದಾರನ ಕಣ್ಣು ಹಳದಿ ಆಗೈತೆ ಕಣೇ.”

ಮೊರದ ಸದ್ದು ನಿಂತಿತು. “ಅಯ್ಯೋ ಶಿವನೇ! ಹಂಗಾದ್ರೆ ಇವತ್ತು ಹೊಟ್ಟೆ ತುಂಬ ಉಂಡ್ಬಿಡಿ ಅಕ್ಕ. ನಾಳೆಯಿಂದ ನಿಮಗೆ ಖಾರ ಇಲ್ಲ, ಎಣ್ಣೆ ಇಲ್ಲ.”

ಅವಳು ಹೇಳಿದ್ದು ಸರಿಯೇ. ನಮ್ಮೂರಿನಲ್ಲಿ ಕಾಯಿಲೆ ಪ್ರಾಣಿಗೆ, ಔಷಧ ಸಾಕಿದವರಿಗೆ. ಹಸುವಿಗೆ ಕೆಮ್ಮು ಬಂದರೆ ಹಸುವಿನವನು ಕಷಾಯ ಕುಡಿಯಬೇಕು, ಕೆಮ್ಮು ಹಸುವಿಗೆ ನಿಲ್ಲುತ್ತದೆ. ಹಸುವಿಗೇ ಕುಡಿಸಿದರೆ ಕಷಾಯ ದಂಡ. ಬೀದಿಯ ಹೋಟೆಲಿನಲ್ಲಿ ಯಾರಾದರೂ ಚಟ್ನಿಯಿಲ್ಲದೆ ಇಡ್ಲಿ ನುಂಗುತ್ತಿದ್ದರೆ ಪಕ್ಕದವರು ಕನಿಕರದಿಂದ, “ಎಮ್ಮೇನಾ, ಕುರೀನಾ?” ಎಂದು ಕೇಳುತ್ತಾರೆ. ಗಂಡು ನೋಡಲು ಬಂದವರು ಕೊಟ್ಟಿಗೆಯಲ್ಲಿ ದನ ಎಷ್ಟಿವೆ ಎಂದು ಎಣಿಸಿ, ಆಮೇಲೆ ಹುಡುಗನ ನಾಲಿಗೆ ನೋಡುವುದೂ ಉಂಟು. ಜಯಶೀಲಳ ಗಂಡ ಲಿಂಗರಾಜು ಕಳೆದ ದೀಪಾವಳಿಯಲ್ಲಿ ಹೊಟ್ಟೆ ಉಬ್ಬರಿಸಿದ ಎಮ್ಮೆಗೋಸ್ಕರ ತಂಬಿಗೆ ತುಂಬ ಓಮದ ನೀರು ಕುಡಿದು, ಹೊಸ ಪಂಚೆಯುಟ್ಟು ಅಂಗಳದಲ್ಲಿ ಸುತ್ತು ಹಾಕುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿತ್ತು.

ಅಮಲ್ದಾರನಿಗೆ ಈವರೆಗೆ ಔಷಧದ ಮಾತೇ ಬಂದಿರಲಿಲ್ಲ. ಗಾಯವಾದರೆ ನೆಕ್ಕಿಕೊಳ್ಳುತ್ತಿದ್ದ, ಹೊಟ್ಟೆ ಕೆಟ್ಟರೆ ಗರಿಕೆ ತಿಂದು ಸರಿಮಾಡಿಕೊಳ್ಳುತ್ತಿದ್ದ. ಸಂಡಿಗೆಯನ್ನು ಕಾಗೆಗೇ ಬಿಟ್ಟು, ಅವನನ್ನು ಲಿಂಗರಾಜುವಿನ ಕೈಗಾಡಿಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿಕೊಂಡು ದನದಾಸ್ಪತ್ರೆಗೆ ಹೊರಟೆ.

ಇಂದುಧರ ಡಾಕ್ಟರು ದಪ್ಪಗಿನ ಮನುಷ್ಯ, ಮಾತು ಮೆಲ್ಲಗೆ. ಪ್ರಾಣಿ ಬಂದರೆ ಮೊದಲು ಅದರ ಜೊತೆ ಒಂದು ಮಾತಾಡಿ ಆಮೇಲೆ ನಮ್ಮ ಕಡೆ ತಿರುಗುತ್ತಾರೆ. ಅಮಲ್ದಾರನನ್ನು ಮೇಜಿನ ಮೇಲೆ ಮಲಗಿಸಿದಾಗ, “ಏನ್ ಸಾಹೇಬ್ರೇ, ನೀವೇ ಇಲ್ಲೀತನಕ ಬಂದ್ಬಿಟ್ರಾ? ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ನಲ್ಲ,” ಎಂದರು. ತುಟಿ ಮೇಲೆತ್ತಿ ವಸಡು ನೋಡಿದರು. ಪಕ್ಕೆಯ ಕೆಳಗೆ ಬೆರಳಿಟ್ಟು ಮೆಲ್ಲನೆ ಒತ್ತಿದಾಗ ಅವನು ಕುಂಯ್ ಎಂದ. ನನಗೆ ನನ್ನ ಪಕ್ಕೆಯನ್ನೇ ಹಿಡಿದುಕೊಳ್ಳುವಂತಾಯಿತು.

“ಊಟ ಬಿಟ್ಟು ಎಷ್ಟು ದಿನ ಆಯ್ತಮ್ಮ?”

“ಬಿಟ್ಟಿಲ್ಲ ಡಾಕ್ಟ್ರೇ. ತಟ್ಟೆ ಖಾಲಿ ಆಗ್ತಿತ್ತು.”

“ಖಾಲಿ ಮಾಡೋನು ಇವನೇನಾ?”

ನಾನು ಯೋಚಿಸಿದೆ. ತಟ್ಟೆಯ ಸುತ್ತ ಕಾಗೆಯ ಹಿಕ್ಕೆ ಇದ್ದದ್ದು ನೆನಪಾಯಿತು. “ಇರಲಾರದು,” ಎಂದೆ.

“ನೀರು?”

“ನೀರು ಕುಡೀತಾನೆ. ಜಾಸ್ತೀನೇ ಕುಡೀತಾನೆ.”

“ಉಚ್ಚೆ ಬಣ್ಣ ನೋಡಿದೀರಾ?”

“ಡಿಕಾಕ್ಷನ್ ಥರ ಇತ್ತು. ಬಿಸ್ಲಿಗೆ ಹಂಗಾಗೈತೆ ಅಂದ್ಕೊಂಡೆ.”

“ವಾಂತಿ?”

“ಮೊನ್ನೆ ಒಂದ್ಸಲ ಆಯ್ತು. ಹಳದಿ ನೊರೆ.”

ಡಾಕ್ಟರು ಕೈ ತೊಳೆದುಕೊಂಡು ಬಂದು ನನ್ನೆದುರು ಸ್ಟೂಲ್ ಎಳೆದು ಕೂತರು. ಪ್ರಾಣಿಯವರ ಜೊತೆ ಅವರು ನಿಂತು ಮಾತಾಡಿದರೆ ವಿಷಯ ಸಣ್ಣದು, ಕೂತರೆ ದೊಡ್ಡದು. ಊರಿಗೇ ಗೊತ್ತು.

“ಕಾಮಾಲೆ. ಲಿವರ್ ಊದ್ಕೊಂಡಿದೆ. ವಯಸ್ಸೂ ಆಯ್ತಲ್ಲ ಅವನಿಗೆ. ಈಗ ಹಿಡಿದ್ರೆ ಉಳಿಸ್ಕೋಬಹುದು. ಈ ಪುಡಿ ಬೆಳಿಗ್ಗೆ ಸಂಜೆ ಮಜ್ಜಿಗೇಲಿ. ಹುಳಿ, ಖಾರ, ಕರಿದಿದ್ದು ಏನೂ ಮುಟ್ಟಬಾರ್ದು. ಗಂಜಿ, ಮೊಸರನ್ನ, ಅಷ್ಟೇ. ಆಗುತ್ತಾ ನಿಮ್ ಕೈಲಿ?”

“ಕೊಡಿ ಡಾಕ್ಟ್ರೇ. ನಾನೇನು ಹೋಳಿಗೆ ಊಟಕ್ಕೆ ಕಾಯ್ತಿಲ್ಲ.”

ಆ ಪುಡಿಯ ಕಹಿಯನ್ನು ಹೇಗೆ ಹೇಳಲಿ. ಹಾಗಲಕಾಯಿ, ಬೇವಿನ ಎಲೆ, ಕಾಡುಜೀರಿಗೆ ಎಲ್ಲ ಸೇರಿ ನಾಲಿಗೆಯ ಮೇಲೆ ಸಭೆ ನಡೆಸಿದ ಹಾಗೆ. ಮೂಗು ಹಿಡಿದು ಕುಡಿದು, ಕಣ್ಣೊರೆಸಿಕೊಂಡು, ಗಂಜಿ ಕುಡಿದು, ಅಮಲ್ದಾರನ ಮುಂದೆ ಕೂರುತ್ತಿದ್ದೆ. ಜಯಶೀಲ ತನ್ನ ಮನೆಯ ಮೆಣಸಿನಕಾಯಿ ಬಜ್ಜಿಯ ವಾಸನೆ ಈ ಕಡೆ ಬಾರದಿರಲೆಂದು ಕಿಟಕಿ ಮುಚ್ಚುತ್ತಿದ್ದಳು. ಅಷ್ಟು ಒಳ್ಳೆಯವಳು. ಮುಚ್ಚಿಕೊಂಡು, “ಅಕ್ಕಾ, ವಾಸ್ನೆ ಬರ್ತಿದೆಯಾ?” ಎಂದು ಕೂಗಿಯೂ ಕೇಳುತ್ತಿದ್ದಳು.

ನಾನು ಸಪೂರವಾದೆ. ರವಿಕೆ ಸಡಿಲವಾಯಿತು. ಹೋಟೆಲಿನವರು ನನ್ನನ್ನು ಕಂಡು, “ಏನಜ್ಜಿ, ಮುಖದಲ್ಲಿ ಕಳೆ ಬಂದೈತೆ,” ಎಂದರು. ಅಮಲ್ದಾರನ ಕಣ್ಣು ಮಾತ್ರ ಹಳದಿಯಿಂದ ಇನ್ನೂ ಹಳದಿಗೆ ಹೋಯಿತು. ಬೆಳಗಿನ ಸುತ್ತು ನಿಂತಿತು. ಬೀದಿಯವರು ಬಾಗಿಲು ತೆರೆದು ಎಡಬಲ ನೋಡಿ, “ಇನ್ನೂ ಎದ್ದಿಲ್ವಾ ಸಾಹೇಬ್ರು?” ಎಂದು ಕೇಳತೊಡಗಿದರು.

ಮತ್ತೆ ಕೈಗಾಡಿ, ಮತ್ತೆ ಗೋಣಿಚೀಲ. ಡಾಕ್ಟರು ಅವನ ಕಣ್ಣು ನೋಡಿದರು. ಆಮೇಲೆ, ನಮ್ಮೂರಿನ ವೈದ್ಯರು ಮಾತ್ರ ಮಾಡುವ ಹಾಗೆ, ನನ್ನ ಕಣ್ಣನ್ನೂ ನೋಡಿದರು.

“ಪುಡಿ ಕುಡಿದ್ರಾ?”

“ಕುಡಿದೆ.”

“ಪೂರ್ತಿ?”

“ಲೋಟ ತೊಳೆದ ನೀರೂ ಕುಡಿದೆ ಡಾಕ್ಟ್ರೇ.”

“ಕದ್ದು ಒಂದು ಉಪ್ಪಿನಕಾಯಿ ಹೋಳು?”

“ಭರಣಿಗೆ ಬಟ್ಟೆ ಕಟ್ಟಿ ಜಯಶೀಲನ ಮನೇಲಿ ಇಟ್ಟಿದೀನಿ. ಅವಳ್ನೇ ಕೇಳಿ.”

ಅವರು ಡ್ರಾಯರಿನಿಂದ ಒಂದು ಡಬ್ಬಿ ತೆಗೆದು, ಅದರೊಳಗಿಂದ ಒಂದೆಳೆ ಹುಣಸೆಹಣ್ಣು ಕಿತ್ತು ನನ್ನ ಕೈಗಿಟ್ಟರು. “ಬಾಯಿಗೆ ಹಾಕ್ಕೊಂಡು ಚೆನ್ನಾಗಿ ಜಗೀರಮ್ಮ,” ಎಂದರು. ಪಥ್ಯದಲ್ಲಿರುವವಳಿಗೆ ಹುಳಿ ಯಾಕೆ ಎಂದು ಕೇಳಲಿಲ್ಲ. ಗಂಜಿ ಕುಡಿದು ಕುಡಿದು ಸತ್ತಿದ್ದ ನಾಲಿಗೆಗೆ ಯಾರಾದರೂ ಹುಣಸೆ ಕೊಟ್ಟರೆ ಯಾಕೆ ಎಂದು ಕೇಳುವವರುಂಟೇ? ಜಗಿದೆ. ಕಿವಿಯ ಹಿಂದೆ ಝುಂ ಎಂದಿತು, ಒಂದು ಕಣ್ಣು ತಾನಾಗಿ ಮುಚ್ಚಿತು.

ಡಾಕ್ಟರು ನನ್ನನ್ನು ನೋಡುತ್ತಿರಲಿಲ್ಲ. ಅಮಲ್ದಾರನನ್ನು ನೋಡುತ್ತಿದ್ದರು. ಅಮಲ್ದಾರ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದ.

“ಇನ್ನೊಂದೆಳೆ,” ಎಂದರು. ಜಗಿದೆ. ಹಲ್ಲಿ ಸರಿಯಿತು, ಅಮಲ್ದಾರನ ಕಣ್ಣೂ ಸರಿಯಿತು. ಮೂತಿಯ ಒಂದು ಮೀಸೆಯೂ ಅಲುಗಲಿಲ್ಲ.

“ಚೆನ್ನಾಜಮ್ಮೋರೇ, ಬೇಜಾರು ಮಾಡ್ಕೋಬೇಡಿ. ಸಾಕಿದವರು ಹುಳಿ ತಿಂದ್ರೆ ಪ್ರಾಣಿ ಮುಖ ಕಿವುಚ್ಬೇಕು. ಇವನು ಕಿವುಚ್ಲಿಲ್ಲ. ಈ ನಾಯಿ ಯಾರದು?”

“ಯಾರದು ಅಂದ್ರೆ? ನಂದು.”

“ನಿಮ್ಮ ಲೆಕ್ಕದಲ್ಲಿ ನಿಮ್ದು. ಅವನ ಲೆಕ್ಕದಲ್ಲಿ?”

ನಾನು ಬಾಯಿಯಲ್ಲಿದ್ದ ಹುಣಸೆಬೀಜವನ್ನು ಕೈಗೆ ಉಗಿದುಕೊಂಡೆ. ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದು ಕೂತೆ. ಇಷ್ಟು ವರ್ಷ ನನ್ನ ಮನೆಯ ಅನ್ನ, ನನ್ನ ಮನೆಯ ಹೊಸ್ತಿಲು. ನಾನು ಬಟ್ಟೆ ಒಗೆಯಲು ಕೆರೆಗೆ ಹೋದರೆ ಕಲ್ಲಿನ ಪಕ್ಕದಲ್ಲಿ ಕಾದು ಕೂತು, ಗಂಟು ಕಟ್ಟಿದ ಮೇಲೆ ಎದ್ದು ಮುಂದೆ ಮುಂದೆ ಬರುವವನು.

“ಬೀದೀಲಿ ಯಾರಾದ್ರೂ ಇರ್ಬಹುದು,” ಎಂದರು ಡಾಕ್ಟರು ಸಮಾಧಾನದ ದನಿಯಲ್ಲಿ. “ದಿನಾ ಎಲ್ಲರ ಮನೆಗೂ ಹೋಗೋನು. ಸಂಜೆ ನಾನೇ ಬರ್ತೀನಿ. ಎಲ್ಲರನ್ನೂ ಸೇರ್ಸಿ.”

ಅಂದು ಸಂಜೆ ನಮ್ಮ ಅಂಗಳದಲ್ಲಿ ನಡೆದದ್ದನ್ನು ಬೀದಿಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಜಯಶೀಲ ಒಂದು ಬೋಗುಣಿ ಹುಣಸೆಹಣ್ಣು ಬಿಡಿಸಿ ತಂದಳು. ಎಲ್ಲರೂ ಸಾಲಾಗಿ ನಿಂತರು. ಅಮಲ್ದಾರ ಚಾಪೆಯ ಮೇಲೆ ಮಲಗಿ, ಅರ್ಜಿ ಹಿಡಿದು ಬಂದವರನ್ನು ನೋಡುವ ಹಾಗೆ ಒಬ್ಬೊಬ್ಬರನ್ನೇ ನೋಡಿದ. ಹೋಟೆಲಿನವನು ತಿಂದ. ಏನೂ ಇಲ್ಲ. ಶಾಲೆಯ ಮೇಡಂ ಕನ್ನಡಕ ತೆಗೆದಿಟ್ಟು ತಿಂದರು. ಏನೂ ಇಲ್ಲ. ಲಿಂಗರಾಜು ತಿಂದ ತಕ್ಷಣ ಗೋಡೆಯಾಚೆ ಅವನ ಎಮ್ಮೆ ತಲೆ ಕೊಡವಿ, ತುಟಿ ಮಡಚಿ, ಬಾಯ್ ಎಂದು ಒದರಿತು.

“ನೋಡ್ರೀ, ನೋಡ್ರೀ, ನನ್ನ ಎಮ್ಮೆ!” ಎಂದ ಲಿಂಗರಾಜು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಎದೆಯುಬ್ಬಿಸಿ.

“ಹೂಂ, ಮದ್ವೆ ಆಗಿ ಇಷ್ಟು ವರ್ಷ ಆಯ್ತು, ನಾನು ಹಾಗಲಕಾಯಿ ತಿಂದ್ರೂ ನೀವು ಒಂದಿನ ಮುಖ ಕಿವುಚ್ಲಿಲ್ಲ,” ಎಂದಳು ಜಯಶೀಲ.

ಬೀದಿಯ ಉದ್ದಕ್ಕೂ ಒಂದೊಂದು ಮನೆಯಿಂದ ಒಂದೊಂದು ಸದ್ದು ಬಂತು. ಯಾರದೋ ಮೇಕೆ ಸೀನಿತು, ಯಾರದೋ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಬೀದಿಯ ಅಷ್ಟೂ ಪ್ರಾಣಿಗಳು ಹುಳಿ ಮುಖ ಮಾಡಿದವು, ಅಮಲ್ದಾರನೊಬ್ಬನನ್ನು ಬಿಟ್ಟು.

ಬೋಗುಣಿ ಖಾಲಿಯಾದ ಮೇಲೆ ಜಯಶೀಲ ನನ್ನ ಪಕ್ಕಕ್ಕೆ ಬಂದು, ಅವಳಿಗೆ ಸಾಧ್ಯವಾದಷ್ಟು ಮೆತ್ತಗೆ, ಎಂದರೆ ಎಲ್ಲರಿಗೂ ಕೇಳುವ ಹಾಗೆ, “ಅಕ್ಕಾ, ಇನ್ನೊಬ್ಳು ಬಾಕಿ ಇದಾಳಲ್ಲ,” ಎಂದಳು.

“ಯಾರು?” ಎಂದು ಡಾಕ್ಟರು ತಿರುಗಿದರು.

ನಾನು ಚಾಪೆಯ ಮೂಲೆ ಸರಿಮಾಡುತ್ತಿದ್ದೆ. ಜಯಶೀಲಳೇ ಹೇಳಿದಳು. “ಹುಲಿಗೆವ್ವ. ಹೊಳೆ ಸೇತುವೆ ಕಟ್ಟೋವಾಗ ಬಂದಿದ್ಲಲ್ಲ ಡಾಕ್ಟ್ರೇ, ಕಲ್ಲು ಹೊರೋಳು. ಇವ್ರ ಕೊಟ್ಟಿಗೇಲೇ ಬಾಡಿಗೆಗಿದ್ಲು. ನಾಯಿ ಅವಳ ಹಿಂದೇನೇ ಬಂದಿದ್ದು.”

ಹುಲಿಗೆವ್ವ ಗಟ್ಟಿ ಹೆಂಗಸು, ನಗು ಅದಕ್ಕಿಂತ ಗಟ್ಟಿ. ಆಗ ನಾನು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿಯುತ್ತಿದ್ದೆ. ಹಲ್ಲು ಉದುರಲು ಶುರುವಾದ ಮೇಲೆ ಅಕ್ಷರ ಬಂದವಳು ನಾನು. ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ದಿನವಿಡೀ ಕಲ್ಲು ಹೊತ್ತವಳು, ಸ್ಲೇಟು ಮಡಿಲಿಗಿಟ್ಟ ಕೂಡಲೇ ಗೋಡೆಗೊರಗಿ ನಿದ್ದೆ. ಅವಳ ಕಾಲ ಬಳಿ ಈ ನಾಯಿ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಪಾಠ ಪೂರ್ತಿ ಕೇಳುತ್ತಿತ್ತು. ಸೇತುವೆ ಮುಗಿಯಿತು. ಲಾರಿಯಲ್ಲಿ ನಾಯಿ ಹತ್ತಿಸಕೂಡದು ಎಂದು ಮೇಸ್ತ್ರಿ ಹಟ ಹಿಡಿದ. “ಮುಂದಿನ ಸೇತುವಿ ಮುಗಿಸಿ ಬರ್ತೀನವ್ವಾ, ಅಲ್ಲೀತನಕ ನೋಡ್ಕೋ,” ಎಂದು ಹೇಳಿ ಹೋದಳು. ಹೊಳೆಗಳು ಬಹಳ ಇವೆ. ಒಂದು ಸೇತುವೆ ಮುಗಿದರೆ ಇನ್ನೊಂದು. ಅವಳು ಬರಲಿಲ್ಲ, ನಾನೂ ಬರಲೆಂದು ಕಾಯಲಿಲ್ಲ.

“ಅವಳ ವಿಳಾಸ ಗೊತ್ತಾ?” ಎಂದರು ಡಾಕ್ಟರು.

ವಿಳಾಸ ಅಡುಗೆಮನೆಯ ಗೋಡೆಯ ಮೇಲಿತ್ತು, ಅಕ್ಕಿ ಡಬ್ಬದ ಹಿಂದೆ. ಮೇಸ್ತ್ರಿಯ ಊರು, ಅವನ ಮನೆ. ಎಲ್ಲಿ ಕೆಲಸವಿದ್ದರೂ ಅಲ್ಲಿಂದ ಟಪಾಲು ಸಿಗುತ್ತದೆ ಎಂದು ಹುಲಿಗೆವ್ವ ಹೇಳಿದ್ದಳು. ಹೊಸ ಅಕ್ಷರದ ಹುಮ್ಮಸ್ಸಿನಲ್ಲಿ ಇದ್ದಿಲಿನಿಂದ ಗೋಡೆಗೇ ಬರೆದಿಟ್ಟಿದ್ದೆ. ಪ್ರತಿ ವರ್ಷ ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟು ಬಳಿಯುತ್ತಿದ್ದೆ.

“ಇದೆ,” ಎಂದೆ.

“ಸರಿ ಹಾಗಾದ್ರೆ. ಪುಡಿ ಲಕೋಟೇಲಿ ಹಾಕಿ ಕಾಗದ ಬರೀರಿ. ಪಥ್ಯನೂ ಅವಳೇ ಮಾಡ್ಬೇಕು. ಬರೋ ವಾರದ ಸಂತೆ ಒಳಗೆ ಅವಳ ಹೊಟ್ಟೆಗೆ ಔಷಧ ಬಿದ್ರೆ ಇವನು ಉಳೀತಾನೆ. ತಡ ಆದ್ರೆ ನನ್ನ ಕೈಲಿಲ್ಲ.”

ಬೀದಿಯವರೆಲ್ಲ ಹುಳಿ ಬಾಯಿ ಚಪ್ಪರಿಸುತ್ತ ಹೋದರು. ಡಾಕ್ಟರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ. “ಡಾಕ್ಟ್ರೇ, ಕಾಗದ ಓದಿ ಅವಳು ಬಂದು ಕರ್ಕೊಂಡು ಹೋದ್ರೆ?”

“ಬದುಕಿದ್ರೆ ತಾನೇಮ್ಮ ಕರ್ಕೊಂಡು ಹೋಗೋದು?”

“ನಾನೇ ಅವನ ಯಜಮಾನಿ ಆಗೋದಕ್ಕೆ ಏನಾದ್ರೂ ಔಷಧ ಇಲ್ವಾ?”

ಅವರು ನಕ್ಕರು. “ಇದ್ದಿದ್ರೆ ನಾನೇ ಮೊದ್ಲು ಕುಡೀತಿದ್ದೆ. ನಮ್ಮನೇಲೊಂದು ಬೆಕ್ಕಿದೆ. ಭಾನುವಾರ ಭಾನುವಾರ ಅದರ ಮುಂದೆ ಕೂತು ನಿಂಬೆಹಣ್ಣು ಕಚ್ತೀನಿ. ನನ್ನ ಹಲ್ಲು ಸವೆದಿದ್ದೇ ಬಂತು. ಅದಕ್ಕೆ ನಾನು ಯಾರೂ ಅಲ್ಲ. ಹಾಲು ಹಾಕೋದು ನಿಲ್ಸಿಲ್ಲ, ಅದು ಬೇರೆ ಮಾತು.”

ಮಾರನೆಯ ದಿನವೇ ಕಾಗದ ಬರೆಯಬಹುದಿತ್ತು. ಹಾಳೆ ಇತ್ತು. ಪೆನ್ನು ಇತ್ತು. ಹಾಳೆ ಮುಂದಿಟ್ಟುಕೊಂಡು, “ಹುಲಿಗೆವ್ವನಿಗೆ ಚೆನ್ನಾಜಮ್ಮ ಮಾಡುವ ಆಶೀರ್ವಾದಗಳು. ನಮ್ಮ ನಾಯಿಗೆ” ಎಂದು ಬರೆದು ನಿಲ್ಲಿಸಿದೆ. ನಮ್ಮ ನಾಯಿಯಾದರೆ ಅವಳ್ಯಾಕೆ ಪುಡಿ ಕುಡಿಯಬೇಕು? ಹೊಡೆದು ಹಾಕಿದೆ. “ಇಲ್ಲಿರುವ ನಾಯಿಗೆ” ಎಂದು ಬರೆದೆ. ಯಾವುದೋ ಛತ್ರದ ಮಾತಿನ ಹಾಗೆ ಕಂಡಿತು. ಅದನ್ನೂ ಹೊಡೆದೆ. ಮೂರನೆಯ ಸಲಕ್ಕೆ ಅಕ್ಕಿ ನೆನೆಹಾಕುವುದಿತ್ತಲ್ಲ ಎಂದು ಎದ್ದೆ.

ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಅವನ ಲೆಕ್ಕವನ್ನು ಬದಲಾಯಿಸಬಹುದೇನೋ ಎಂದು ನೋಡಿದೆ. ಮಾಂಸದಂಗಡಿಗೆ ಹುಟ್ಟಿದಾಗಿನಿಂದ ಕಾಲಿಡದವಳು ಮೂಗಿಗೆ ಸೆರಗು ಹಿಡಿದು ಹೋಗಿ ಕುರಿಯ ಈಲಿ, ಡಾಕ್ಟರು ಲಿವರ್ ಅನ್ನುತ್ತಾರಲ್ಲ ಅದು, ತಂದು ಬೇಯಿಸಿದೆ. ಮೂಸಿ ನೋಡಿ ಮುಖ ತಿರುಗಿಸಿದ. ಹುಲಿಗೆವ್ವನ ಹಾಗೆ “ಬಾರಲೇ ಮಗನ” ಎಂದು ಗಟ್ಟಿಯಾಗಿ ಕರೆದೆ. ಅವನು ಕಿವಿ ನಿಮಿರಿಸಿದ, ನನ್ನನ್ನು ದಾಟಿ ಬಾಗಿಲ ಕಡೆ ನೋಡಿದ, ಆಮೇಲೆ ಯಾಕೆ ಹೀಗೆ ಮಾಡುತ್ತಿ ಎನ್ನುವ ಹಾಗೆ ನನ್ನನ್ನು ನೋಡಿದ. ಮತ್ತೆ ಹಾಗೆ ಕರೆಯಲಿಲ್ಲ. ಪುಡಿಯನ್ನು ಎರಡರಷ್ಟು ಕುಡಿದೆ. ತಲೆ ಸುತ್ತಿ ಒರಳುಕಲ್ಲಿನ ಮೇಲೆ ಕೂತೆ, ಅವನ ಕಣ್ಣು ಹಾಗೇ ಇತ್ತು. ದಿನಾ ಬೆಳಿಗ್ಗೆ ಅವನ ಮುಂದೆ ಒಂದೆಳೆ ಹುಣಸೆ ಜಗಿದು, ಅವನ ಮೀಸೆಯನ್ನೇ ನೋಡುತ್ತಿದ್ದೆ. ಒಂದು ದಿನ ಅವನು ಮೂತಿ ಅಲುಗಿಸಿದಾಗ ಕೂಗಿ ಜಯಶೀಲಳನ್ನು ಕರೆದೆ. ಅವಳು ಓಡಿ ಬಂದು ನೋಡಿ, “ನೊಣ ಅಕ್ಕ,” ಎಂದಳು.

ಆಮೇಲೆ ಹೋಗದೆ ಅಲ್ಲೇ ನಿಂತಳು. “ಕಾಗದ ಹಾಕಿದ್ರಾ?”

“ಸ್ಟಾಂಪು ಇಲ್ಲ.”

“ನಮ್ಮನೇಲಿದೆ, ಕೊಡ್ಲಾ?”

“ಗೋಂದು ಇಲ್ಲ.”

“ಗಿರಣಿಯವಳ ಮುಂದೆ ಗೋಂದು ಇಲ್ಲ ಅಂತೀರಲ್ಲ ಅಕ್ಕ. ಮೈದಾ ಕಲಸಿಕೊಡ್ತೀನಿ, ಮನೆ ಗೋಡೇನೇ ಅಂಟಿಸ್ಬಹುದು.”

“ನೋಡೋಣ ಬಿಡು, ನಾಳೆ.”

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೂ ನಾಯಿಯನ್ನೂ ನೋಡಿದಳು. ಅವಳ ಬಾಯಿ ತೆರೆದು ಮಾತಿಲ್ಲದೆ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ನಾನು ಗಂಜಿ ಕುಡಿದು ಲೋಟ ಬೋರಲು ಹಾಕಿದ್ದೆ. ಅಮಲ್ದಾರ ಹೊಸ್ತಿಲ ನೆರಳಲ್ಲಿ ಮಲಗಿದ್ದ. ಪಕ್ಕೆಲುಬುಗಳು ಬುಟ್ಟಿಯ ಬೆತ್ತದ ಹಾಗೆ ಕಾಣುತ್ತಿದ್ದವು. ಇದ್ದಕ್ಕಿದ್ದಂತೆ ಅವನು ತಲೆಯೆತ್ತಿದ. ನಾಲಿಗೆ ಹೊರಗೆ ಬಂದು ಮೂತಿಯನ್ನು ಸವರಿಕೊಂಡಿತು. ಮೊದಲು ಮತ್ತೆ ನೊಣವೇ ಎಂದುಕೊಂಡೆ. ನೊಣ ಇರಲಿಲ್ಲ. ಅವನು ಚಪ್ಪರಿಸಿದ. ಇನ್ನೊಮ್ಮೆ ಚಪ್ಪರಿಸಿದ. ಒಂದು ಸೀನು ಬಂತು, ಕಣ್ಣಲ್ಲಿ ನೀರು ಬಂತು, ಮೂಗು ಸುಟ್ಟವನ ಹಾಗೆ ತಲೆ ಕೊಡವಿದ. ಬಾಲವಂತೂ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ಸಂಡಿಗೆ ಇಟ್ಟ ದಿನದಿಂದ ಆ ಬಾಲ ಹಾಗೆ ಬಡಿದಿರಲಿಲ್ಲ.

ಎಲ್ಲೋ ಒಂದು ಹೊಳೆಯ ದಂಡೆಯಲ್ಲಿ ಊಟದ ಹೊತ್ತಾಗಿತ್ತು. ತಲೆಯ ಮೇಲಿನ ಸಿಂಬೆ ತೆಗೆದಿಟ್ಟು, ಕಲ್ಲಿನ ಮೇಲೆ ಕೂತು, ಹುಲಿಗೆವ್ವ ರೊಟ್ಟಿಗೆ ಕೆಂಪು ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ನಮ್ಮ ಕೊಟ್ಟಿಗೆಯಲ್ಲಿ ಅವಳು ಅರೆಯುತ್ತಿದ್ದ ಚಟ್ನಿಯ ಘಾಟಿಗೆ ನಾನು ಅಂಗಳದಲ್ಲಿ ಕೆಮ್ಮುತ್ತಿದ್ದೆನಲ್ಲ, ಅದೇ ಚಟ್ನಿ. ನಾನು ಬೇಯಿಸಿದ ಈಲಿಯನ್ನು ಮುಟ್ಟದವನು ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದ. ಈ ಸುಖವನ್ನು ನಾನು ಎಷ್ಟೋ ಮಧ್ಯಾಹ್ನ ಕಂಡಿದ್ದೆ. ನಿದ್ದೆಗಣ್ಣಿನಲ್ಲಿ ಬಾಯಿ ಚಪ್ಪರಿಸುತ್ತಾನೆ, ಕನಸಿರಬೇಕು ಎಂದುಕೊಂಡಿದ್ದೆ.

ನೋಡುತ್ತ ನನಗೂ ನಗು ಬಂತು. ಅಷ್ಟರಲ್ಲಿ ಅವನ ಹೊಟ್ಟೆ ಒಳಕ್ಕೆ ಸೆಳೆಯಿತು. ಎದ್ದು ನಿಲ್ಲಲು ಹೋಗಿ ಮುಂಗಾಲು ಮಡಚಿ ಬಿದ್ದ. ಹಳದಿ ನೊರೆ ಹೊಸ್ತಿಲ ಮೇಲೆಲ್ಲ ಹರಡಿತು, ಅದರಲ್ಲಿ ರಕ್ತದ ಎಳೆ. ಲಿವರ್ ಊದಿದ ನಾಯಿಗೆ ಅಷ್ಟು ದೂರದಿಂದ ದಿನಕ್ಕೆರಡು ಹೊತ್ತು ಖಾರ ಬಂದು ಬೀಳುತ್ತಿತ್ತು. ಅವಳಿಗೆ ಗೊತ್ತಿಲ್ಲ. ಗೊತ್ತಿದ್ದವಳು ನಾನು, ಗೋಂದಿಲ್ಲ ಎಂದು ಕೂತಿದ್ದೆ.

ಅವನ ಬಾಯಿ ಒರೆಸಿ, ತಲೆಯ ಕೆಳಗೆ ನನ್ನ ಸೀರೆಯ ಮಡಿಕೆಯಿಟ್ಟು, “ಜಯಶೀಲಾ!” ಎಂದು ಕೂಗಿದೆ. ಅವಳು ಲಿಂಗರಾಜುವನ್ನು ನಾಯಿಯ ಪಕ್ಕ ಕೂರಿಸಿ ಮೈದಾ ಕಲಸಲು ಓಡಿದಳು. ನಾನು ಹಾಳೆ ಹಿಡಿದು ಹೊಸ್ತಿಲಲ್ಲೇ ಕೂತು ಬರೆದೆ. ಈ ಸಲ ಎಲ್ಲೂ ಹೊಡೆದು ಹಾಕಲಿಲ್ಲ.

“ಮೇಸ್ತ್ರಿಗಳೇ, ಇದನ್ನು ಹುಲಿಗೆವ್ವನಿಗೆ ಗಟ್ಟಿಯಾಗಿ ಓದಿ ಹೇಳಿ. ನಡುವೆ ನಿಮ್ಮ ಮಾತು ಸೇರಿಸಬೇಡಿ. ಹುಲಿಗೆವ್ವಾ, ನಿನ್ನ ನಾಯಿಗೆ ಕಾಮಾಲೆಯಾಗಿದೆ. ನಮ್ಮೂರಿನ ರೀತಿ ನಿನಗೆ ಗೊತ್ತೇ ಇದೆ. ಇದರ ಜೊತೆಗಿರುವ ಪುಡಿಯನ್ನು ಬೆಳಿಗ್ಗೆ ಸಂಜೆ ಮಜ್ಜಿಗೆಯಲ್ಲಿ ಕಲಸಿ ನೀನು ಕುಡಿಯಬೇಕು. ನಾನು ಕುಡಿದು ನೋಡಿದೆ, ನನ್ನದು ಅವನಿಗೆ ಹತ್ತಲಿಲ್ಲ. ಬಹಳ ಕಹಿ. ಉಗಿಯಬೇಡ. ಕೆಂಪು ಚಟ್ನಿ, ಹುಳಿ, ಬಜ್ಜಿ ಯಾವುದನ್ನೂ ಮುಟ್ಟಬೇಡ. ಕದ್ದು ತಿಂದರೆ ಇಲ್ಲಿ ಅವನ ಮೂತಿ ನನಗೆ ಹೇಳುತ್ತದೆ. ಕಲ್ಲು ಹೊರುವವಳಿಗೆ ಗಂಜಿ ಸಾಲದು ಎಂದು ನನಗೆ ಗೊತ್ತು, ಮೊಸರನ್ನ ಎರಡು ಪಾಲು ತಿನ್ನು. ಅವನು ಒಳ್ಳೆಯ ನಾಯಿ. ಬೀದಿಯವರೆಲ್ಲ ಅವನನ್ನು ಅಮಲ್ದಾರ ಎಂದು ಕರೆಯುತ್ತಾರೆ. ನೀನು ಇಟ್ಟ ಹೆಸರು ಏನೆಂದು ನಾನು ಕೇಳಲೇ ಇಲ್ಲ, ಬಂದಾಗ ಹೇಳು. ವಾಸಿಯಾದ ಮೇಲೆ ಬಂದು ಕರೆದುಕೊಂಡು ಹೋಗು. ಕೊಟ್ಟಿಗೆ ಖಾಲಿ ಇದೆ. ಬಂದವಳು ಕೂಡಲೇ ಹೊರಡಬೇಡ.”

ಪುಡಿಯ ಪೊಟ್ಟಣವನ್ನು ಹಾಳೆಯೊಳಗೆ ಮಡಚಿ, ಲಕೋಟೆಗೆ ಹಾಕಿ, ಗೋಡೆಯ ಮೇಲಿನ ವಿಳಾಸವನ್ನು ನೋಡಿಕೊಂಡು ಬರೆದು, ಜಯಶೀಲಳ ಬಿಸಿ ಮೈದಾದಿಂದ ಅಂಟಿಸಿ ಪೋಸ್ಟಾಫೀಸಿಗೆ ಹೊರಟೆ. ಚಪ್ಪಲಿ ಮರೆತಿದ್ದೆ. ಬೀದಿಯವರು ಬಾಗಿಲಿಗೆ ಬಂದು, “ಹೋಗಿ ಅಜ್ಜಿ, ಹೋಗಿ, ಟಪಾಲು ಬಸ್ಸು ಇನ್ನೂ ಬಂದಿಲ್ಲ,” ಎಂದು ಕೂಗಿ ಹೇಳಿದರು. ನಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರೂ ಕೇಳಲಿಲ್ಲ.

ಪೋಸ್ಟ್ ಮಾಸ್ಟರ್ ವಾದಿರಾಯರು ಟಪಾಲು ಚೀಲದ ಬಾಯಿ ಕಟ್ಟಿ ಆಗಿತ್ತು. ಹೊರಗೆ ಬಸ್ಸು ಬಂದು ನಿಂತ ಸದ್ದು ಕೇಳಿಸಿತು.

“ಡಬ್ಬಿಗೆ ಹಾಕೀಮ್ಮ, ನಾಳೆ ಹೋಗುತ್ತೆ,” ಎಂದರು.

“ನಾಳೆ ಬೇಡ ರಾಯರೇ. ನಾಳೆ ನಾಳೆ ಅಂತ ಬಹಳ ಆಯ್ತು.”

ಅವರು ಲಕೋಟೆ ತೆಗೆದುಕೊಂಡು ಬೆರಳಿನಲ್ಲಿ ಒತ್ತಿ ನೋಡಿದರು. “ಒಳಗೇನು ಪುಡಿ ಪುಡಿ?”

“ಔಷಧ.”

“ಯಾರಿಗೆ ಹುಷಾರಿಲ್ಲ?”

“ನಾಯಿಗೆ.”

ನಮ್ಮೂರಿನವರು, ಅಷ್ಟೇ ಸಾಕಾಯಿತು. ವಿಳಾಸ ಓದಿದರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಹಾಗಾದ್ರೆ ಈ ಹುಲಿಗೆವ್ವ ಅನ್ನೋರು ಅಮಲ್ದಾರನ ಯಜಮಾನಿ. ಮತ್ತೆ ಇಷ್ಟು ವರ್ಷ ನೀವು?”

“ನಾನು ಅವನ ಮನೆ ಓನರ್ರು, ರಾಯರೇ.”

ಅವರು ನಗಬಹುದಿತ್ತು, ನಗಲಿಲ್ಲ. ಸ್ಟಾಂಪಿನ ಮೇಲೆ ಮುದ್ರೆ ಒತ್ತಿ, ಕಟ್ಟಿದ್ದ ಚೀಲದ ಬಾಯಿಯನ್ನು ಹಲ್ಲಿನಿಂದ ಬಿಚ್ಚಿ, ಲಕೋಟೆಯನ್ನು ಒಳಗೆ ಬಿಟ್ಟು ಮತ್ತೆ ಬಿಗಿದರು. ಕಂಡಕ್ಟರ್ ಚೀಲವನ್ನು ಹೆಗಲಿಗೇರಿಸಿದ. ಬಸ್ಸು ಹೊರಟು, ಸಂತೆಮಾಳ ದಾಟಿ, ಹೊಳೆಯ ಕಡೆ ತಿರುಗಿ, ಹುಲಿಗೆವ್ವ ಕಲ್ಲು ಹೊತ್ತು ಕಟ್ಟಿದ ಸೇತುವೆಯ ಮೇಲೆ ಹೋಯಿತು.